ಚಿಂಪಾಂಜಿ ನೋಡದೆ ಬಂದ ಸಿಸ್ಟರ್ ಆಂಟಿ

"ಸಿಸ್ಟರ್ ಆಂಟಿ ರಿಟೈರ್ ಆದ ಮೇಲೆ ಆಫ್ರಿಕಾಕ್ಕೆ ಹೋಗಿ ಕಾಡಿನ ಚಿಂಪಾಂಜಿ ನೋಡಿಕೊಂಡು ಬಂದರು, ಅಂಥಾ ಗಟ್ಟಿಗಿತ್ತಿ" ಅಂತ ಹೋದ ತಿಂಗಳು, ಅವರು ತೀರಿಕೊಂಡ ಮೇಲಿನ ಪ್ರಾರ್ಥನೆಯ ದಿನ, ಚರ್ಚಿನ ಹಾಲಿನಲ್ಲಿ ಒಬ್ಬರು ಮೈಕ್ ಹಿಡಿದು ಹೇಳಿದರು. ಕೂತವರೆಲ್ಲ ತಲೆಯಾಡಿಸಿದರು. ಹಿಂದಿನ ಸಾಲಲ್ಲಿದ್ದ ನಾನು, ಹಾಗಲ್ಲ ಅಂತ ಹೇಳುವುದಕ್ಕೆ ಎದ್ದೆ. ನನ್ನ ಹೆಂಡತಿ ಗಿರಿಜ ಅಂಗಿ ಹಿಡಿದು ಕೂರಿಸಿದಳು. "ಇಲ್ಲೂ ನಿಮ್ಮ ವಾದ ಬೇಡ ಕಣ್ರೀ. ಕೂತ್ಕೊಳಿ."

ಕೂತೆ. ಆದರೆ ಮನೆಗೆ ಬಂದ ಮೇಲೂ ಸಮಾಧಾನವಿಲ್ಲ. ಆಂಟಿ ಚಿಂಪಾಂಜಿ ನೋಡಲಿಲ್ಲ. ಅಷ್ಟು ದೂರ ಹೋಗಿ, ಕಾಡಿನ ಬಾಗಿಲಲ್ಲಿ ನಿಂತು, ನೋಡದೆ ವಾಪಸ್ ಬಂದರು. ಅವರ ದೊಡ್ಡತನ ಇರುವುದೇ ಅಲ್ಲಿ. ನೋಡಿ ಬಂದರು ಅಂದುಬಿಟ್ಟರೆ ಅವರೂ ಫೋಟೋ ಹೊಡೆಸಿಕೊಂಡು ಬಂದ ಇನ್ನೊಬ್ಬ ಪ್ರವಾಸಿ ಆಗಿಬಿಡುತ್ತಾರೆ. ಆವತ್ತು ಜೊತೆಯಲ್ಲಿದ್ದವರು ನಾನು ಮತ್ತು ಗಿರಿಜ ಇಬ್ಬರೇ. ನಾನು ಓದಿದ್ದು ಎಂಟನೇ ಕ್ಲಾಸು, ಮಾಡುವುದು ಟೈಲ್ಸ್ ಹಾಕುವ ಕೆಲಸ. ಹಿರಿಯೂರಿನಿಂದ ಮಸ್ಕತ್ತು, ಅಲ್ಲಿಂದ ಈ ಹ್ಯಾಮಿಲ್ಟನ್ನು. ಬರೆದು ಅಭ್ಯಾಸವಿಲ್ಲ. ಆದರೂ ನೋಡಿದ್ದನ್ನು ನೋಡಿದ ಹಾಗೆ ಹೇಳಬಲ್ಲೆ.

ಅವರು ಗದಗಿನ ಕಡೆಯ ಕ್ರಿಶ್ಚಿಯನ್ನರು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತವರು. ಇಲ್ಲಿನ ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ಕೂದಲು ಬೆಳ್ಳಗಾಗುವ ತನಕ ದುಡಿದರು. ಊರಿನ ಕನ್ನಡದವರಿಗೆಲ್ಲ ಸಿಸ್ಟರ್ ಆಂಟಿ. ಮೊದಲು ನನಗೂ ಆಂಟಿಯೇ, ಆಮೇಲೆ ನಾನೊಬ್ಬ ಮಾತ್ರ ಅಕ್ಕಾ ಅನ್ನುತ್ತಿದ್ದೆ. ನನ್ನನ್ನು ಅವರು ತಮ್ಮಾ ಅಂತ ಕರೆದ ಮೇಲೆ ಇನ್ನೇನನ್ನಲಿ?

ನಮ್ಮ ಮಗ ಚೇತನ್ ಅವರ ವಾರ್ಡಿನಲ್ಲೇ ಬೆಳೆದವನು. ಅಂಗೈ ಮೇಲೆ ಮಲಗಿಸಬಹುದಾದಷ್ಟಿದ್ದ. ಅವನನ್ನು ಮನೆಗೆ ಕರಕೊಂಡು ಬಂದು ನಾಮಕರಣ ಇಟ್ಟುಕೊಂಡಾಗ ಆಂಟಿ ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ನಿಂತರು. ರೇಷ್ಮೆ ಸೀರೆ, ಮುಖಕ್ಕೆ ಮಾಸ್ಕು, ಎದೆಯ ಮೇಲೆ ತಲೆಕೆಳಗಾಗಿ ಪಿನ್ನು ಹಾಕಿದ ನರ್ಸಿನ ಗಡಿಯಾರ. ಬಂದವರಿಗೆಲ್ಲ ಒಂದೇ ಪ್ರಶ್ನೆ. "ನೆಗಡಿ? ಕೆಮ್ಮು? ಮನ್ಯಾಗ ಯಾರಿಗಾರ ಐತೇನು?" ಹೂಂ ಅಂದವರ ಕೈಗೆ ಹೋಳಿಗೆಯ ಡಬ್ಬಿ ಕೊಟ್ಟು ಕಾರಿಗೆ ವಾಪಸ್ ಕಳಿಸುತ್ತಿದ್ದರು. ಅಷ್ಟರಲ್ಲಿ ನಾನು ಒಳಗಿನಿಂದ ಕೆಮ್ಮಿದೆ.

"ಯಾರದು?"

"ನಾನೇ ಆಂಟಿ. ಇದು ಟೈಲ್ ಕಟ್ ಮಾಡೋ ಧೂಳು. ದಿನಾ ಇರುತ್ತೆ."

"ಧೂಳೋ ದೆವ್ವೋ ನನಗ ಗೊತ್ತಿಲ್ಲ. ಹೊರಗ ನಡಿ."

"ನಾನು ಮಗನ ಅಪ್ಪ, ಆಂಟಿ!"

"ಅದಕ್ಕ ಹೇಳಾಕತ್ತೀನಿ. ನಡಿ."

ನಮ್ಮ ಮನೆಯ ನಾಮಕರಣದಲ್ಲಿ ನಾನು ಹಿತ್ತಲ ಡೆಕ್ ಮೇಲೆ, ಗಾಜಿನ ಬಾಗಿಲಿನ ಆಚೆ, ಪಂಚೆ ಉಟ್ಟುಕೊಂಡು ನಿಂತಿದ್ದೆ. ಈ ವೈಕಾಟೊ ಸೀಮೆಯ ಚಳಿ, ಮಂಜು ಬೇರೆ. ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ನಾನು ಹೊರಗಿನಿಂದಲೇ ಹೆಸರು ಕೂಗಿದೆ. ಪಕ್ಕದ ಮನೆಯ ಕಿವುಡು ಮುದುಕನಿಗೂ ಕೇಳಿರಬೇಕು, ಬೇಲಿ ಮೇಲಿನಿಂದ ಇಣುಕಿದ. ಆಂಟಿ ಆ ಹೆಸರನ್ನು ನನ್ನ ಮಗನ ಕಿವಿಯ ಹತ್ತಿರ ಬಗ್ಗಿ ಮೂರು ಸಲ ಮೆಲ್ಲಗೆ ಹೇಳಿದರು. ಗದಗಿನ ಕ್ರಿಶ್ಚಿಯನ್ ಅಕ್ಕ ಹಿರಿಯೂರಿನ ಲಿಂಗಾಯತರ ಹುಡುಗನಿಗೆ ಹೆಸರಿಟ್ಟದ್ದು ಹೀಗೆ.

ನನಗೆ ಸಿಟ್ಟು ಬಂದಿರಲಿಲ್ಲ ಅಂದರೆ ಸುಳ್ಳು. ಮಾರನೇ ದಿನ ಆಂಟಿಯೇ ರೊಟ್ಟಿ ಕಟ್ಟಿಕೊಂಡು ಬಂದು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ರೋಗ ತರೋರು ಪ್ರೀತಿ ಇದ್ದವ್ರೇ ತಮ್ಮಾ. ವೈರಿ ಕೂಸಿನ ಹತ್ರ ಬರೂದಿಲ್ಲ, ಮುದ್ದೂ ಕೊಡೂದಿಲ್ಲ."

ಆ ಗಡಿಯಾರದ ವಿಷಯ ಹೇಳಬೇಕು. ರಿಟೈರ್ ಆದ ಮೇಲೂ ಅವರು ಅದನ್ನು ಬಿಡಲಿಲ್ಲ. ಸೀರೆಗೆ, ಚೂಡಿದಾರಕ್ಕೆ, ನೈಟಿಗೆ, ಮಳೆಗಾಲದ ಜಾಕೆಟ್ಟಿಗೆ, ಎಲ್ಲದಕ್ಕೂ ಅದೇ. ಅವರ ಮಗಳು ವೆಲ್ಲಿಂಗ್ಟನ್ನಿನಿಂದ ಒಳ್ಳೆಯ ಕೈಗಡಿಯಾರ ಕಳಿಸಿದ್ದಳು. "ಮುಂಗೈ ಮ್ಯಾಲೆ ಏನಾರ ಇದ್ರ ಕೈ ತೊಳದಂಗ ಅನಸೂದಿಲ್ಲ ನೋಡು" ಅಂತ ಅದನ್ನು ಗಿರಿಜನಿಗೆ ಕೊಟ್ಟುಬಿಟ್ಟರು. ಯಾರ ಜೊತೆ ಮಾತಾಡುವಾಗಲೂ ನಡುವೆ ಗಲ್ಲ ಕೆಳಗೆ ಮಾಡಿ ಎದೆಯ ಗಡಿಯಾರ ನೋಡುವರು. ಹೊಸಬರಿಗೆ ಬೇಜಾರು, ಎದ್ದು ಹೋಗಲಿ ಅಂತ ಸೂಚನೆ ಅಂದುಕೊಳ್ಳುತ್ತಿದ್ದರು. ಅವರು ಎದುರಿಗಿದ್ದವರ ಉಸಿರು ಎಣಿಸುತ್ತಿದ್ದರು ಅಷ್ಟೇ. ಅಭ್ಯಾಸ.

ರೊಟೊಟೂನ ಬಡಾವಣೆಯ ಅವರ ಹೊಸ ಮನೆಯ ಬಚ್ಚಲಿಗೆ ಟೈಲ್ಸ್ ಹಾಕಿದವನು ನಾನು. ಇಲ್ಲಿನವರ ಬಚ್ಚಲಲ್ಲಿ ಶವರಿನ ಕೆಳಗಷ್ಟೇ ಇಳಿಜಾರು, ಉಳಿದ ನೆಲ ಸಪಾಟು. ಆಂಟಿಗೆ ಬಕೆಟ್ ಇಟ್ಟುಕೊಂಡು ತಂಬಿಗೆಯಲ್ಲಿ ಸುರಿದುಕೊಳ್ಳಬೇಕು. ನೆಲವೆಲ್ಲ ಒಂದೇ ಮೂಲೆಗೆ ಇಳಿಯಬೇಕು, ಆದರೆ ಕಾಲಿಗೆ ಇಳಿಜಾರು ಗೊತ್ತಾಗಬಾರದು. ಕೆಲಸ ಮುಗಿದ ದಿನ ಎರಡು ಬಕೆಟ್ ನೀರು ದಬಕ್ಕನೆ ಸುರಿದು ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತರು. ನೀರೆಲ್ಲ ಮೂಲೆಗೆ ಹೋಗಿ ಇಳಿಯುವ ತನಕ ಕಣ್ಣು ತೆಗೆಯಲಿಲ್ಲ. ಆಮೇಲೆ ತಿರುಗಿ, "ಶಾಣ್ಯಾ ಅದಿ" ಅಂದರು. ನಾನು ಹಿಗ್ಗಿ, "ಎಂಟನೇ ಕ್ಲಾಸು ಓದಿದವನು ಅಕ್ಕಾ, ಇಷ್ಟಾದರೂ ಬರಬೇಕಲ್ಲ" ಅಂದೆ.

"ಯಾರ್ ಕೇಳಿದ್ರು ಎಷ್ಟನೇತ್ತ ಅಂತ? ಎಲ್ಲಿ ಹೋದ್ರೂ ಮೊದ್ಲ ಅದನ್ನ ಹೇಳ್ತಿ. ನೀರು ಕೇಳ್ತೇನು?"

ಅವತ್ತಿನಿಂದ ಗಿರಾಕಿಗಳ ಮುಂದೆ ಆ ಮಾತು ಆಡುವುದನ್ನು ಬಿಟ್ಟೆ. ಇಲ್ಲಿ ಮೇಲೆ ಹೇಳಿಬಿಟ್ಟಿದ್ದೇನೆ. ಇದ್ದಿದ್ದರೆ ಬೈಯುತ್ತಿದ್ದರು.

ಅವರ ಗಂಡ, ನಮ್ಮೆಲ್ಲರ ಅಂಕಲ್, ತೀರಿಕೊಂಡ ಮೇಲೆ ಆಂಟಿಗೆ ಒಂದು ರೂಢಿ ಶುರುವಾಯಿತು. ರಜೆಯ ದಿನ ಬುತ್ತಿ ಕಟ್ಟಿಕೊಂಡು ಮೃಗಾಲಯಕ್ಕೆ ಹೋಗಿ ಚಿಂಪಾಂಜಿಗಳ ಎದುರು ಕೂರುವುದು. ಒಂದೆರಡು ಸಲ ಟೈಲ್ಸ್ ಸಾಗಿಸುವ ನನ್ನ ಯೂಟ್ ಗಾಡಿಯಲ್ಲಿ ನಾನೇ ಬಿಟ್ಟು ಬಂದಿದ್ದೇನೆ. ಜನ ಹುಲಿ ಎಲ್ಲಿ, ಜಿರಾಫೆ ಎಲ್ಲಿ ಅಂತ ಓಡಾಡುವಾಗ ಇವರು ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಂಡು ಗಾಜಿನ ಮುಂದೆ ಆರಾಮಾಗಿ ಕೂತಿರುವರು. ನಾನೊಮ್ಮೆ ಕೇಳಿದೆ, ಮಂಗನಲ್ಲಿ ಅಂಥದ್ದೇನಿದೆ ಅಂತ.

"ಮಂಗ್ಯಾ ಅನಬ್ಯಾಡ. ಆ ತಾಯಿ ಕೂಸಿನ ಕುತ್ತಿಗಿ ಕೆಳಗ ಹೆಂಗ ಕೈ ಕೊಟ್ಟಾಳ ನೋಡು. ಹೊಸಾ ನರ್ಸುಗಳಿಗೆ ಇದನ್ನ ಕಲಸಾಕ ನನಗ ವಾರಗಟ್ಟಲೆ ಹಿಡೀತಿತ್ತು." ಒಂದು ತುತ್ತು ರೊಟ್ಟಿ ಮುರಿದು, "ಜೀವಮಾನ ಎಲ್ಲಾ ಗಾಜಿನ್ಯಾಗಿಂದ ಕೂಸು ನೋಡೀನಿ ತಮ್ಮಾ. ಒಮ್ಮೆ ಗಾಜಿಲ್ಲದ ಕಡೆ ಇವನ್ನ ನೋಡಬೇಕು" ಅಂದರು.

ಆಸೆ ಅಂದರೆ ಅದೊಂದೇ. ಬಂಗಾರ ಬೇಡ, ಯುರೋಪು ಬೇಡ. ಫೋನಿನಲ್ಲಿ ಮಗಳು, "ಮಮ್, ಟಿವಿಯಲ್ಲಿ ಇನ್ನೂ ಹತ್ತಿರದಿಂದ ತೋರಿಸ್ತಾರೆ" ಅಂತ ಇಂಗ್ಲಿಷಿನಲ್ಲಿ ಹೇಳಿದರೆ, "ಊಟಾನೂ ಟಿವಿಯಾಗ ತೋರಸ್ತಾರ. ಹೊಟ್ಟಿ ತುಂಬತೈತೇನು?" ಅಂತ ಕನ್ನಡದಲ್ಲಿ ಉತ್ತರ. ಮಗಳಿಗೆ ರಜೆ ಸಿಗಲಿಲ್ಲ. ಆಂಟಿಯ ಮಂಡಿಗೆ ಒಂಟಿ ಪ್ರಯಾಣ ಆಗದು. ನಾನು ಮತ್ತು ಗಿರಿಜ ಹೊರಟೆವು. ದುಡಿಯುವುದಕ್ಕಲ್ಲದೆ ಬೇರೆ ದೇಶಕ್ಕೆ ನಾನು ಹೋದದ್ದು ಅದೇ ಮೊದಲು.

ಉಗಾಂಡದ ಪಶ್ಚಿಮದ ಕಡೆ ಒಂದು ಕಾಡು. ಹೋಗುವ ದಾರಿಯೆಲ್ಲ ಕೆಂಪು ಮಣ್ಣು, ಟೀ ತೋಟ, ಬಾಳೆ. "ಥೇಟ್ ನಮ್ಮ ಕಡೆ ಇದ್ದಂಗೈತಲ್ಲ" ಅಂತ ಆಂಟಿ ಕಿಟಕಿಗೆ ಅಂಟಿಕೊಂಡಿದ್ದರು. ಕಾಡಿಗೆ ಬಿಡುವುದು ಮೊದಲೇ ಹೆಸರು ಬರೆಸಿದ ದಿನ ಮಾತ್ರ. ಆ ದಿನ ತಪ್ಪಿದರೆ ತಪ್ಪಿತು. ಮುಂದಿನ ದಿನಗಳೆಲ್ಲ ಬೇರೆಯವರಿಗೆ ಆಗಲೇ ಹಂಚಿ ಹೋಗಿರುತ್ತವೆ.

ಆ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ಆಂಟಿ ಗಂಟಲು ಹಿಡಿದುಕೊಂಡರು. "ಕೆರೀತೈತಿ" ಅಂದರು. ಮೂಗು ಒರೆಸಿಕೊಂಡರು.

"ರಸ್ತೆ ಧೂಳು ಆಂಟಿ" ಅಂದಳು ಗಿರಿಜ. "ಬಿಸಿನೀರು ಕುಡೀರಿ, ಒಂದು ಮಾತ್ರೆ ನುಂಗಿ."

"ಧೂಳೇ ಅಕ್ಕಾ. ನನ್ನ ಮೂಗೂ ಕೆಂಪಗಾಗಿದೆ ನೋಡಿ" ಅಂದೆ.

ಆಂಟಿ ಚಹಾ ಮುಗಿಸಿದರು. ಜೀಪು ಹತ್ತಿದರು. ಮಂಡಿಗೆ ಪಟ್ಟಿ, ಕೈಗೆ ಕೋಲು, ಹೊಸ ಬೂಟು. ನಾನೂ ಗಿರಿಜನೂ ಹಿಂದೆಯೇ ಹತ್ತಿದೆವು.

ಕಾಡಿನ ಅಂಚಿನಲ್ಲಿ ಗೋಡೆಯಿಲ್ಲದ ಒಂದು ಮಾಡು. ಬೆಂಚಿನ ಮೇಲೆ ನಮ್ಮ ಹಾಗೆ ಬೇರೆ ದೇಶದವರೂ ಇದ್ದರು. ಎತ್ತರದ ಒಬ್ಬ ರೇಂಜರು ಎಲ್ಲರ ಹಣೆಗೆ ಜ್ವರದ ಮಿಷನ್ನು ಹಿಡಿದ. ಆಂಟಿಗೆ ಜ್ವರ ಇರಲಿಲ್ಲ. ನನ್ನ ಜೀವ ಹಗುರಾಯಿತು. ಆಮೇಲೆ ಆತ ನಿಯಮ ಹೇಳಿದ. ಮಾಸ್ಕು ತೆಗೆಯಬಾರದು, ಹತ್ತಿರ ಹೋಗಬಾರದು, ಉಗುಳಬಾರದು. ನಮ್ಮ ನೆಗಡಿ ಅವಕ್ಕೂ ಅಂಟುತ್ತದೆ, ನಮಗೆ ಎರಡು ದಿನದ ಸೀನು, ಅವಕ್ಕೆ ಸಾವು. ಕಡೆಯಲ್ಲಿ ಕೇಳಿದ, "ಇಲ್ಲಿ ಯಾರಿಗಾದರೂ ನೆಗಡಿ, ಕೆಮ್ಮು, ಗಂಟಲು ನೋವು?"

ಬೆಂಚಿನವರೆಲ್ಲ ಇಲ್ಲ ಅಂದರು. ಆಂಟಿ ಕೈ ಎತ್ತಿದರು.

"ಅಕ್ಕಾ, ಕೈ ಇಳಿಸಿ" ಅಂದೆ ಕನ್ನಡದಲ್ಲಿ, ಹಲ್ಲು ಕಚ್ಚಿಕೊಂಡು.

"ಸುಮ್ಕಿರು ತಮ್ಮಾ."

"ಜ್ವರ ಇಲ್ಲ. ಮಾಸ್ಕ್ ಇದೆ. ದೂರ ನಿಂತು ನೋಡ್ತೀರಿ. ಅಷ್ಟು ವರ್ಷದಿಂದ ಕಾದಿದ್ದೀರಿ. ಇದಕ್ಕಾ ಬಂದಿದ್ದು?"

ಆಂಟಿ ನನ್ನ ಕಡೆ ತಿರುಗಲಿಲ್ಲ. ರೇಂಜರಿಗೆ ಇಂಗ್ಲಿಷಿನಲ್ಲಿ, ನಾನು ನರ್ಸು, ಬೆಳಿಗ್ಗೆ ಧೂಳಿರಬಹುದು ಅಂದುಕೊಂಡಿದ್ದೆ, ದಾರಿಯುದ್ದಕ್ಕೂ ಗಮನಿಸಿದೆ, ಧೂಳಲ್ಲ, ನೆಗಡಿ ಅಂತ ಹೇಳಿದರು. ನಮ್ಮೂರ ಶಾಲೆಯಲ್ಲಿ ಹೆಣ್ಣುಮಕ್ಕಳು ಹಾಜರಿ ಹೇಳುತ್ತಾರಲ್ಲ, ಅಷ್ಟು ನೇರವಾಗಿ. ರೇಂಜರು ತಲೆಯ ಟೋಪಿ ತೆಗೆದ. "ಅಮ್ಮಾ, ಧನ್ಯವಾದ" ಅಂದ.

ಆಗ ಆಂಟಿ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿ. "ಜನರ ಕೂಸಿಗೊಂದು ನಿಯಮ, ಇವುಗಳ ಕೂಸಿಗೊಂದು ನಿಯಮ ಐತೇನು? ನಿನ್ನ ಮಗನ ಬಾಗಲಾಗ ನಿನ್ನ ನಿಲ್ಸೀನಿ. ಇಲ್ಲಿ ನನ್ನ ನಿಲ್ಸೋರು ಯಾರೂ ಇಲ್ಲ. ನಾನ ನಿಲ್ಬೇಕು."

"ಹಂಗಾದ್ರೆ ನಾವೂ ಹೋಗಲ್ಲ" ಅಂದಳು ಗಿರಿಜ.

"ಹೋಗ್ತೀರಿ. ನಿಮಗ ನೆಗಡಿ ಇಲ್ಲ, ಮಾಸ್ಕ್ ಹಾಕ್ಕೊಂಡು ದೂರದಿಂದ ನೋಡಿ ಬಂದು ನನಗ ಹೇಳ್ತೀರಿ. ಸುಮ್ನ ಬಂದ್ರ ಯಾರಿಗೆ ಲಾಭ? ನಡೀರಿ, ನಡೀರಿ."

ಕೋಲನ್ನು ಗಿರಿಜನ ಕೈಗೆ ಕೊಟ್ಟು, ಮಾಡಿನ ಆಚೆ ದೂರ ಹೋಗಿ ಮರದ ಕೆಳಗೆ ನಿಂತುಕೊಂಡರು. ನಾವು ಕಾಡಿನೊಳಗೆ ಹೋಗುವ ತನಕ ಬೆನ್ನು ತಿರುಗಿಸಲಿಲ್ಲ. ದಾರಿಯಲ್ಲಿ ರೇಂಜರು ನನ್ನ ಪಕ್ಕ ನಡೆಯುತ್ತಾ ಹೇಳಿದ, ಜನ ಗಂಟಲ ಮಿಠಾಯಿ ಚೀಪಿ ಬಂದು ನಿಲ್ಲುತ್ತಾರೆ, ತಾನಾಗಿ ಕೈ ಎತ್ತುವವರು ಅಪರೂಪ ಅಂತ. "ಆಕೆ ನಿನಗೇನಾಗಬೇಕು?" ಅಂತ ಕೇಳಿದ. "ನನ್ನ ಅಕ್ಕ" ಅಂದೆ. ಜೀವಮಾನದಲ್ಲಿ ಅಷ್ಟು ಹೆಮ್ಮೆಯಿಂದ ಯಾವ ಮಾತನ್ನೂ ಆಡಿಲ್ಲ.

ಮಧ್ಯಾಹ್ನ ಕಾಡಿನಿಂದ ಬಂದ ಮೇಲೆ ಪಕ್ಕದ ಹಳ್ಳಿಗೆ ಹೋದೆವು. ಆಂಟಿಯನ್ನು ಬೆಳಿಗ್ಗೆಯೇ ಗ್ರೇಸ್ ಅನ್ನುವ ಆ ಊರಿನ ಹೆಣ್ಣುಮಗಳು ಅಲ್ಲಿಗೆ ಕರಕೊಂಡು ಹೋಗಿದ್ದಳು. ನೋಡಿದರೆ ಹಲಸಿನ ಮರದ ಕೆಳಗೆ ಒಂದು ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು, ಮಾಸ್ಕ್ ಹಾಕಿಕೊಂಡು ಆಂಟಿ. ಅಂಗಳದ ಆ ತುದಿಯಲ್ಲಿ ಚಾಪೆಯ ಮೇಲೆ ಹೆಂಗಸರು ಬುಟ್ಟಿ ಹೆಣೆಯುತ್ತಾ. ನಡುವೆ ಒಂದು ಹೋರಿ ಮಲಗುವಷ್ಟು ಜಾಗ. ಎರಡೂ ಕಡೆಯಿಂದ ಕೂಗಿ ಕೂಗಿ ಮಾತು, ನಗು.

ಮೊದಲಿಗೆ ಎಡವಟ್ಟಾಗಿತ್ತಂತೆ. ಆ ಊರಲ್ಲಿ ಬಂದವರ ಕೈ ಹಿಡಿದು, ಬಹಳ ಹೊತ್ತು ಬಿಡದೆ, ಮಾತಾಡಿಸಬೇಕು. ಮನೆಯ ಯಜಮಾನಿ ಅಜ್ಜಿ ಎರಡೂ ಕೈ ಚಾಚಿಕೊಂಡು ಬಂದರೆ ಆಂಟಿ ಹಿಂದಕ್ಕೆ ಸರಿದರು. ಅಜ್ಜಿಯ ಮುಖ ಬಾಡಿತು. ಗ್ರೇಸ್ ಏನು ಹೇಳಿದರೂ ಕೇಳಲಿಲ್ಲ. ಆಗ ಆಂಟಿ ಆ ಮಣ್ಣಿನ ಅಂಗಳದಲ್ಲಿ, ಆ ನೋವಿನ ಮಂಡಿ ಇಟ್ಟುಕೊಂಡು, ದೂರದಲ್ಲೇ ನೆಲಕ್ಕೆ ಮೊಣಕಾಲೂರಿ ಕೈ ಮುಗಿದರಂತೆ. ಅಲ್ಲಿ ಹೆಂಗಸರು ಹಿರಿಯರಿಗೆ ಮಂಡಿಯೂರಿಯೇ ನಮಸ್ಕರಿಸುವುದು. ಆಂಟಿಗೆ ಅದು ಗೊತ್ತಿರಲಿಲ್ಲ. ಚರ್ಚಿನಲ್ಲಿ ಮಾಡುವ ಹಾಗೆ ಮಾಡಿದ್ದರು. ಅಜ್ಜಿ ದೊಡ್ಡಕ್ಕೆ ನಕ್ಕು, ಅಲ್ಲಿಂದಲೇ ಒಂದು ಹೆಸರು ಕೊಟ್ಟಳು. ಆ ಕಡೆ ಪ್ರತಿಯೊಬ್ಬರಿಗೂ ಹುಟ್ಟು ಹೆಸರಿನ ಜೊತೆ ಕರೆಯುವುದಕ್ಕೆ ಒಂದು ಪ್ರೀತಿಯ ಹೆಸರಿರುತ್ತದೆ. ಆಂಟಿಗೆ ಸಿಕ್ಕ ಹೆಸರು ಅಮೂಟಿ. ನಾವು ಹೋಗುವ ಹೊತ್ತಿಗೆ ಊರಿನ ಮಕ್ಕಳೆಲ್ಲ ಅಮೂಟಿ, ಅಮೂಟಿ ಅಂತ ಕೂಗುತ್ತಿದ್ದವು.

ಒಬ್ಬ ಬಾಣಂತಿ ಕೂಸನ್ನು ಎತ್ತಿಕೊಂಡು ಬಂದಳು. ಗಿರಿಜನಿಗೆ ಕೂಸು ಕಂಡರೆ ಕೈ ತಡೆಯದು.

"ಗಿರಿಜಾ, ದೂರ!" ಆ ಮೂಲೆಯಿಂದ ಆಂಟಿಯ ದನಿ.

"ನನಗೇನೂ ಆಗಿಲ್ಲ ಆಂಟಿ!"

"ನನ್ನ ಪಕ್ಕ ಮಲಗಿ ಎದ್ದಾಕಿ ನೀ. ನಾಳಿ ನಿನಗೂ ಬರಬಹುದು. ಕಾಡಿನ್ಯಾಗ ಮಾಸ್ಕ್ ಹಾಕ್ಕೊಂಡು ದೂರ ನಿಂತಿದ್ದಿ, ಇಲ್ಲಿ ಎತ್ತಾಕ ಹೊಂಟಿ. ಕಣ್ಣಿಲೆ ನೋಡು, ಸಾಕು."

ಅಜ್ಜಿಯ ಮೆಕ್ಕೆಜೋಳದ ಹೊಲ ಕಾಡಿಗೆ ಅಂಟಿಕೊಂಡೇ ಇತ್ತು. ಚಿಂಪಾಂಜಿಗಳು ಬಂದು ತೆನೆ ಮುರಿದುಕೊಂಡು, ಬಗಲಲ್ಲಿ ಇಟ್ಟುಕೊಂಡು ಹೋಗುತ್ತವಂತೆ. ಡಬ್ಬ ಬಡಿದು ಓಡಿಸಬೇಕು, ಸಣ್ಣ ಮಕ್ಕಳನ್ನು ಹೊಲದಲ್ಲಿ ಒಂಟಿ ಬಿಡುವ ಹಾಗಿಲ್ಲ. "ನೀವು ಅವನ್ನು ನೋಡೋಕೆ ವಿಮಾನ ಹತ್ತಿ ಬರ್ತೀರಿ. ನಾನು ಅವು ಬಾರದೇ ಇರಲಿ ಅಂತ ದೇವರಿಗೆ ಮೊರೆ ಇಡ್ತೀನಿ" ಅಂದಳು ಅಜ್ಜಿ; ಗ್ರೇಸ್ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ನನಗೆ ಮುಜುಗರವಾಯಿತು. ಆಂಟಿ ಬಿದ್ದು ಬಿದ್ದು ನಕ್ಕರು. "ಖರೇ ಐತಿ ಯಜಮಾನ್ತಿ. ಹೊಲಾ ಇದ್ದವ್ರಿಗೆ ಗೊತ್ತು. ನಮ್ಮ ಕಡೆ ಹಂದಿ. ಇಲ್ಲಿ ಎರಡು ಕಾಲಿನ ಕಳ್ಳರು." ಹೊರಡುವಾಗ ಅಜ್ಜಿ ಬೇಯಿಸಿದ ತೆನೆಯನ್ನು ಬಾಳೆ ಎಲೆಯಲ್ಲಿ ಸುತ್ತಿ ಅಂಗಳದ ನಡುವೆ ಇಟ್ಟು ಹಿಂದೆ ಸರಿದಳು. ಆಂಟಿ ಹೋಗಿ ಎತ್ತಿಕೊಂಡರು.

ಮತ್ತೆ ಹೋಗಬೇಕು ಅಂತ ನಮ್ಮ ಲೆಕ್ಕಾಚಾರ ಇತ್ತು. ಹ್ಯಾಮಿಲ್ಟನ್ನಿಗೆ ಬಂದ ಮೇಲೂ ಆಂಟಿ ಆ ಬೂಟನ್ನು ಒರೆಸಿ ಒರೆಸಿ ಇಡುತ್ತಿದ್ದರು. ಆಮೇಲೆ ಮಂಡಿಯ ಆಪರೇಷನ್ನು, ಅದಾದ ಮೇಲೆ ಹೃದಯ. ಕೇಳಿದವರಿಗೆಲ್ಲ "ಹೋಗಿದ್ದೆ, ಊರು ಭಾಳ ಚೊಲೋ ಇತ್ತು" ಅಂತಷ್ಟೇ ಹೇಳುತ್ತಿದ್ದರು. ನೋಡಿ ಬಂದರು ಅನ್ನುವ ಮಾತು ಹುಟ್ಟಿದ್ದು ಹಾಗೆ ಇರಬೇಕು. ಕಾಡಿನ ಬಾಗಿಲಿನ ಸಂಗತಿ ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ. ದೊಡ್ಡ ಕೆಲಸ ಮಾಡಿದೆ ಅಂತ ಅವರಿಗೆ ಅನ್ನಿಸಿರಲೇ ಇಲ್ಲ.

ಆ ದಿನ ಸಂಜೆಯ ಮಾತು ಒಂದು ಉಳಿದಿದೆ. ಕಾಡಿನ ಅಂಚಿನ ನಮ್ಮ ಬಿಡಾರ. ಆಂಟಿ ಕೋಣೆಯ ಕಿಟಕಿಯೊಳಗೆ, ನಾನೂ ಗಿರಿಜನೂ ಹೊರಗೆ ಅಂಗಳದಲ್ಲಿ. ಹತ್ತಿರ ಬಿಟ್ಟುಕೊಳ್ಳಲಿಲ್ಲ. ನಾನು ಫೋನು ತೆಗೆದೆ.

"ಫೋನು ಆಮ್ಯಾಲೆ. ಮೊದ್ಲ ಬಾಯಿಲೆ ಹೇಳು."

ಹೇಳಿದೆ. ಚಿಂಪಾಂಜಿಗಳು ಮರದ ಬೇರನ್ನು ಕಾಲಿನಿಂದ ತಮಟೆಯ ಹಾಗೆ ಬಡಿದದ್ದು, ನೆಲ ನಡುಗಿದ್ದು. ಒಬ್ಬ ಮುದುಕ ಅಂಗಾತ ಮಲಗಿ ಕಾಲ ಮೇಲೆ ಕಾಲು ಹಾಕಿ, ನಮ್ಮನ್ನು ಕಂಡರೂ ಕಾಣದವನ ಹಾಗೆ ಇದ್ದದ್ದು. ಒಬ್ಬ ತಾಯಿ ಹೊಟ್ಟೆಗೆ ಕೂಸು ಅವಚಿಕೊಂಡು ನಮ್ಮ ಮುಂದೆಯೇ ಹಾದುಹೋದದ್ದು.

"ಕೂಸು ಎಷ್ಟ ದೊಡ್ಡದು?"

"ಚೇತನ್ ಮನೆಗೆ ಬಂದಾಗ ಇದ್ದಷ್ಟು."

"ಕುತ್ತಿಗಿಗೆ ಕೈ ಕೊಟ್ಟಿದ್ದಳೇನು?"

"ಕೊಟ್ಟಿದ್ದಳು."

"ಮೂಗು ಒಣಗಿತ್ತೇನು ಕೂಸಿಂದು? ಯಾವುದಾರ ಕೆಮ್ಮಿತೇನು?"

"ಇಲ್ಲ ಅಕ್ಕಾ. ಒಂದೂ ಕೆಮ್ಮಲಿಲ್ಲ."

ಅವರು ಕಾಡಿನ ಕಡೆ ನೋಡಿದರು. ಸಮಾಧಾನ ಮಾಡೋಣ ಅಂತ, "ಬಿಡಿ ಅಕ್ಕಾ, ನೀವೇ ನೋಡಿದಂಗಾಯ್ತು" ಅಂದೆ.

"ಏನ್ ಆತು? ನೋಡಿದವ ನೀನು. ನನಗ ಹೊಟ್ಟಿಕಿಚ್ಚಿಲೆ ನಿದ್ದಿ ಬರೂದಿಲ್ಲ ಇವತ್ತ." ನಗುತ್ತಲೇ ಕಣ್ಣು ಒರೆಸಿಕೊಂಡರು.

ಆಗಲೇ ಕಾಡಿನಿಂದ ಆ ಸದ್ದು ಬಂತು. ಹೊತ್ತು ಮುಳುಗುವಾಗ ಮರ ಹತ್ತಿ ಗೂಡು ಕಟ್ಟಿಕೊಳ್ಳುವಾಗ ಅವು ಕೂಗುತ್ತವೆ. ಮೊದಲು ಮೆಲ್ಲಗೆ ಹೂ, ಹೂ ಅಂತ, ಆಮೇಲೆ ಏರಿ ಏರಿ, ಒಂದರ ಹಿಂದೆ ಒಂದು, ಇಡೀ ಗುಡ್ಡವೇ ಉಸಿರೆಳೆದು ಬಿಟ್ಟ ಹಾಗೆ. ನಾನು ಬಾಯಿ ತೆರೆದೆ. ಆಂಟಿ ಕೈ ಎತ್ತಿ ತಡೆದರು. ಕಿಟಕಿಯ ಸರಳಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ, ಕೊನೆಯ ಕೂಗು ನಿಲ್ಲುವ ತನಕ ಕೇಳಿದರು.

"ಉಸಿರು ಚೊಲೋ ಐತಿ" ಅಂದರು. "ಎಲ್ಲಾರ್ದೂ."